ಕುಂಡದಲ್ಲಿ ಚೆರ್ರಿ ಬೆಳೆಯಬಹುದೇ? ಬೆಳೆಯಬಹುದು, ಆದರೆ ಯಾವ ಚೆರ್ರಿ?

"ಅಂಗಡಿಯಿಂದ ತಂದ ಚೆರ್ರಿ ತಿಂದು ಬೀಜ ಎಸೆಯಬೇಡಿ. ಕುಂಡಕ್ಕೆ ಹಾಕಿ, ಕೆಲವೇ ತಿಂಗಳಲ್ಲಿ ಹಣ್ಣು ಕೀಳಿ!" ಇಂಥದ್ದೊಂದು ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ. ಮನೆಯಲ್ಲಿ ಚೆರ್ರಿ ಬೆಳೆಯಬಹುದು ಎನ್ನುವುದು ನಿಜ. ಆದರೆ ಅದು ವಿಡಿಯೊದಲ್ಲಿ ತೋರಿಸುವ ಚೆರ್ರಿ ಅಲ್ಲ.

ಅಂಗಡಿ ಚೆರ್ರಿ ಇಲ್ಲಿ ಏಕೆ ಹಣ್ಣು ಬಿಡುವುದಿಲ್ಲ?

ಬಾಕ್ಸ್‌ನಲ್ಲಿ ಬರುವ ಸಿಹಿ ಚೆರ್ರಿ ಕಾಶ್ಮೀರ, ಹಿಮಾಚಲದಂಥ ಚಳಿ ಪ್ರದೇಶದ ಬೆಳೆ. ಆ ಮರದ ಮೊಗ್ಗು ಸರಿಯಾಗಿ ಒಡೆಯಬೇಕಾದರೆ ಚಳಿಗಾಲದಲ್ಲಿ ಸುಮಾರು 7 ಡಿಗ್ರಿಗಿಂತ ಕಡಿಮೆ ತಂಪು ನೂರಾರು ಗಂಟೆ ಸಿಗಬೇಕು. ಬೆಂಗಳೂರಿನ ಡಿಸೆಂಬರ್ ಚಳಿ ಅದಕ್ಕೆ ಏನೇನೂ ಸಾಲದು. ಬೀಜ ಮೊಳೆತರೂ ಗಿಡ ಎಲೆ ಬಿಟ್ಟುಕೊಂಡು ನಿಲ್ಲುತ್ತದೆ, ಅಷ್ಟೇ.

ನಮ್ಮ ಹವೆಗೆ ಹೊಂದುವ ಗಿಡ

ನರ್ಸರಿಗಳಲ್ಲಿ ಬಾರ್ಬಡೋಸ್ ಚೆರ್ರಿ, ವೆಸ್ಟ್ ಇಂಡಿಯನ್ ಚೆರ್ರಿ ಅಥವಾ ಅಸೆರೋಲಾ ಎಂಬ ಹೆಸರಿನಲ್ಲಿ ಸಿಗುವ ಪೊದೆ ಗಿಡವೇ ನಮಗೆ ಬೇಕಾದದ್ದು. ಕೆರಿಬಿಯನ್ ದ್ವೀಪಗಳು ಮತ್ತು ಮಧ್ಯ ಅಮೆರಿಕ ಇದರ ತವರು. ಸಿಹಿ ಚೆರ್ರಿಗೂ ಇದಕ್ಕೂ ಸಂಬಂಧವಿಲ್ಲ, ಹಣ್ಣಿನ ಬಣ್ಣ ಮಾತ್ರ ಒಂದೇ. ರುಚಿ ಹುಳಿ ಬೆರೆತ ಸಿಹಿ.

ಗುರುತು ಹಿಡಿಯುವುದು ಸುಲಭ. ಹೂವು ಗುಲಾಬಿ ಬಣ್ಣದ್ದು, ಐದು ಎಸಳು, ಎಸಳಿನ ಅಂಚು ಸುಕ್ಕು ಸುಕ್ಕು. ಹಣ್ಣಿನಲ್ಲಿ ಮೂರು ಉಬ್ಬು, ಒಳಗೆ ಮೂರು ಗಟ್ಟಿ ಬೀಜ.

ಎಚ್ಚರ: ಈ 'ಚೆರ್ರಿ' ತಿನ್ನುವಂತಿಲ್ಲ

ಅಲಂಕಾರಕ್ಕೆ ಮಾರುವ ಜೆರುಸಲೇಮ್ ಚೆರ್ರಿ ಎಂಬ ಗಿಡವೂ ಇದೆ. ಅದು ಬದನೆ, ಟೊಮೆಟೊ ಕುಟುಂಬದ್ದು. ಬದನೆ ಹೂವಿನಂಥ ಚಿಕ್ಕ ಬಿಳಿ ಹೂವು, ಕೆಂಪು ಕಿತ್ತಳೆ ಬಣ್ಣದ ನುಣುಪಾದ ದುಂಡು ಕಾಯಿ, ಒಳಗೆ ಟೊಮೆಟೊದಂತೆ ಹಲವು ಚಪ್ಪಟೆ ಬೀಜ. ಇದು ವಿಷಕಾರಿ. ತಿಂದರೆ ಹೊಟ್ಟೆನೋವು, ವಾಂತಿ ಆಗಬಹುದು. ಮಕ್ಕಳಿರುವ ಮನೆಗೆ ಬೇಡ. ಯಾರಾದರೂ ತಿಂದಿದ್ದರೆ ಮನೆಮದ್ದು ಮಾಡುತ್ತ ಕೂರದೆ, ಗಿಡದ ಒಂದು ರೆಂಬೆ ಅಥವಾ ಫೋಟೊ ಸಮೇತ ಆಸ್ಪತ್ರೆಗೆ ಹೋಗಿ.

ಬೆಳೆಸುವುದು ಹೇಗೆ?

• ಬೀಜ ಬೇಡ: ಬಾರ್ಬಡೋಸ್ ಚೆರ್ರಿಯ ಬೀಜಗಳಲ್ಲಿ ಹೆಚ್ಚಿನವು ಜೊಳ್ಳು, ಮೊಳೆಯುವುದು ಕಡಿಮೆ. ಗೂಟಿ ಕಟ್ಟಿದ ಅಥವಾ ಕಟಿಂಗ್‌ನಿಂದ ಮಾಡಿದ ಗಿಡ ತನ್ನಿ. ಸಾಮಾನ್ಯವಾಗಿ ಎರಡು ಮೂರು ವರ್ಷದೊಳಗೆ ಚೆನ್ನಾಗಿ ಹಣ್ಣು ಬಿಡುತ್ತದೆ.

• ಕುಂಡ: 18 ಇಂಚಿನದ್ದು ಇರಲಿ, ತಳದಲ್ಲಿ ತೂತುಗಳಿರಲಿ. ಕೆಂಪು ಮಣ್ಣು, ಮರಳು, ಹಳೆಯ ಕೊಟ್ಟಿಗೆ ಗೊಬ್ಬರ ಸಮ ಸಮ ಬೆರೆಸಿ. ಒಂದೆರಡು ಹಿಡಿ ಬೇವಿನ ಹಿಂಡಿಯನ್ನೂ ಸೇರಿಸಿ. ಬೇರಿನಲ್ಲಿ ಗಂಟು ಮಾಡುವ ಜಂತುಹುಳು ಈ ಗಿಡದ ದೊಡ್ಡ ಶತ್ರು.

• ಬಿಸಿಲು: ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ನೆರಳಲ್ಲಿಟ್ಟರೆ ಎಲೆ ಮಾತ್ರ.

• ನೀರು: ಮೇಲ್ಮಣ್ಣು ಒಣಗಿದಾಗ ಹಾಕಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಹೂವು ಕಾಯಿ ಇರುವಾಗ ಮಾತ್ರ ಒಣಗಲು ಬಿಡಬೇಡಿ, ಉದುರುತ್ತವೆ. ಬೇರು ಮೇಲ್ಮೇಲೇ ಹರಡುವುದರಿಂದ ಬುಡಕ್ಕೆ ಒಣ ಎಲೆ ಹೊದಿಸಿ.

• ಕತ್ತರಿಸುವುದು: ಹಣ್ಣು ಮುಗಿದ ಮೇಲೆ ಒತ್ತೊತ್ತಾದ ರೆಂಬೆ ತೆಗೆಯಿರಿ. ಎಳೆ ಎಲೆಗಳ ಸಣ್ಣ ರೋಮ ಕೆಲವರಿಗೆ ತುರಿಕೆ ತರುತ್ತದೆ. ಕೈಗವಸು ಹಾಕಿಕೊಳ್ಳಿ.

ಹೂವು ಬಿಟ್ಟರೂ ಕಾಯಿ ಇಲ್ಲವೇ?

ಇದೇ ಹೆಚ್ಚಿನವರ ದೂರು. ಈ ಹೂವಿನಲ್ಲಿ ಮಕರಂದದ ಬದಲು ಎಣ್ಣೆ ಇರುತ್ತದೆ. ಅಮೆರಿಕ ಖಂಡಗಳಲ್ಲಿ ಅದನ್ನು ಒಯ್ಯಲೆಂದೇ ಬರುವ ಸೆಂಟ್ರಿಸ್ ಜಾತಿಯ ಜೇನುಗಳು ಪರಾಗಸ್ಪರ್ಶ ಮಾಡುತ್ತವೆ. ಆ ಜೇನು ನಮ್ಮಲ್ಲಿಲ್ಲ. ಹಾಗಾಗಿ ಬೆಳಗ್ಗೆ ಹೊಸ ಹೂಗಳ ಮೇಲೆ ಮೃದುವಾದ ಬ್ರಷ್ ಆಡಿಸಿ, ಒಂದರ ಪರಾಗ ಇನ್ನೊಂದಕ್ಕೆ ತಾಗಿಸಿ. ಬೇರೆ ತಳಿಯ ಎರಡನೇ ಗಿಡ ಇದ್ದರೆ ಇನ್ನೂ ಒಳ್ಳೆಯದು. ಕಾಯಿ ಕಟ್ಟಿದ ಮೇಲೆ ಮೂರು ನಾಲ್ಕು ವಾರದಲ್ಲಿ ಹಣ್ಣು ಸಿದ್ಧ.

'ಸರ್ವರೋಗಕ್ಕೂ ಮದ್ದು' ಎನ್ನುವುದು ನಿಜವೇ?

ಅರ್ಧ ಮಾತ್ರ. ಈ ಹಣ್ಣಿನಲ್ಲಿ ವಿಟಮಿನ್ ಸಿ ಅಪಾರವಾಗಿದೆ ಎಂದು ಪೋರ್ಟೊ ರಿಕೊದ ವಿಜ್ಞಾನಿಗಳು 1946ರಲ್ಲೇ ಪ್ರಕಟಿಸಿದರು. 100 ಗ್ರಾಂ ಹಣ್ಣಿನಲ್ಲಿ 1,000 ಮಿಲಿಗ್ರಾಂಗೂ ಹೆಚ್ಚು ಇರಬಲ್ಲದು. ಕಿತ್ತಳೆಯಲ್ಲಿ ಇರುವುದು ಸುಮಾರು 50. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 65ರಿಂದ 80 ಮಿಲಿಗ್ರಾಂ. ಅಂದರೆ ಎರಡು ಮೂರು ಹಣ್ಣು ಸಾಕು. ಹೆಚ್ಚು ತಿಂದರೆ ಹೆಚ್ಚು ಲಾಭ ಎಂದೇನಿಲ್ಲ, ಬೇಡದ್ದು ಮೂತ್ರದಲ್ಲಿ ಹೋಗುತ್ತದೆ, ಅತಿಯಾದರೆ ಭೇದಿಯಾಗಬಹುದು. ಕಿಡ್ನಿ ಕಲ್ಲಿನ ತೊಂದರೆ ಇದ್ದವರು ವೈದ್ಯರನ್ನು ಕೇಳಿ ತಿನ್ನಿ. ಇದರಿಂದ ಕ್ಯಾನ್ಸರ್ ಅಥವಾ ಸಕ್ಕರೆ ಕಾಯಿಲೆ ವಾಸಿಯಾಗುವುದಿಲ್ಲ. ಇದನ್ನು ನಂಬಿ ಮಾತ್ರೆ ನಿಲ್ಲಿಸಬೇಡಿ.

ಇಷ್ಟು ಒಳ್ಳೆಯ ಹಣ್ಣು ಮಾರ್ಕೆಟ್‌ನಲ್ಲಿ ಏಕಿಲ್ಲ? ಕಿತ್ತ ಎರಡು ಮೂರು ದಿನದಲ್ಲೇ ಮೆತ್ತಗಾಗಿ ಕೆಡುತ್ತದೆ, ವಿಟಮಿನ್ ಕೂಡ ಇಳಿಯುತ್ತ ಹೋಗುತ್ತದೆ. ಆದ್ದರಿಂದಲೇ ಇದನ್ನು ಮನೆಯಲ್ಲಿ ಬೆಳೆದು, ಗಿಡದಿಂದ ಕಿತ್ತ ಕೂಡಲೇ ತೊಳೆದು ತಿನ್ನುವುದೇ ಸರಿ.

ಒಟ್ಟಿನಲ್ಲಿ: ಅಂಗಡಿ ಚೆರ್ರಿ ಬೀಜದಿಂದ ನಮ್ಮ ಊರಿನ ಕುಂಡದಲ್ಲಿ ಹಣ್ಣು ಎನ್ನುವುದು ಸುಳ್ಳು. ಬಾರ್ಬಡೋಸ್ ಚೆರ್ರಿ ಬೆಳೆಯಬಹುದು ಎನ್ನುವುದು ನಿಜ. ನರ್ಸರಿಯಲ್ಲಿ 'ಚೆರ್ರಿ ಕೊಡಿ' ಎನ್ನಬೇಡಿ, ಯಾವ ಚೆರ್ರಿ ಎಂದು ಹೆಸರು ಹೇಳಿ, ಹೂವು ಹಣ್ಣು ನೋಡಿ ಕೊಳ್ಳಿ.