ಜೋಡಿಸಿದವರ ಸಹಿ

ಆಂಡರ್ಸನ್‌ಪೇಟೆಯ ಒಂದು ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ಕೆಂಪು ರಟ್ಟಿನ ಲೆಡ್ಜರ್ ಪುಸ್ತಕವೊಂದಿದೆ. ಅದರಲ್ಲಿರುವುದು ಸಾಲದ ಲೆಕ್ಕವಲ್ಲ, ಯಂತ್ರಗಳ ಜಾತಕ. ಅಲ್ಲಿ ಜೋಡಣೆಯಾದ ಪ್ರತಿ ಕಂಪ್ಯೂಟರಿಗೂ ಒಂದು ಪುಟ. ಯಾವ ಪ್ರೊಸೆಸರ್, ಯಾವ ಮದರ್‌ಬೋರ್ಡ್, ಅವುಗಳ ಕ್ರಮಸಂಖ್ಯೆ, ಕೊಂಡ ತಾರೀಕು, ರಾತ್ರಿಯಿಡೀ ಪೂರ್ತಿ ಹೊರೆ ಹಾಕಿ ಓಡಿಸಿದಾಗ ಏರಿದ ಶಾಖ ಎಲ್ಲವೂ ಅದರಲ್ಲಿದೆ. ಪುಟದ ಕೊನೆಯಲ್ಲಿ ಜೋಡಿಸಿದವರ ಸಹಿ. ಕೋಲಾರ ಚಿನ್ನದ ಗಣಿಯ ಯಂತ್ರ ವಿಭಾಗದ ಕೆಲಸಗಾರರ ಬಗ್ಗೆ ಪಿಎಚ್‌.ಡಿ. ಮಾಡುತ್ತಿರುವ ನಾನು ಹಳೆಯ ಕಡತಗಳಲ್ಲಿ ಹುಡುಕುತ್ತಿದ್ದದ್ದು ಇಂಥ ಸಹಿಯನ್ನೇ. ಅಲ್ಲಿ ಸಿಗದೆ ಇಲ್ಲಿ ಕಣ್ಣಿಗೆ ಬಿತ್ತು.

ನಾನು ಆ ಅಂಗಡಿಗೆ ಹೋದದ್ದು ಸಂಶೋಧನೆಗಲ್ಲ, ಗಿರಾಕಿಯಾಗಿ. ಕಡತಗಳ ಸಾವಿರಾರು ಪುಟಗಳ ಫೋಟೊ ತೆಗೆದಿಟ್ಟುಕೊಂಡಿದ್ದೆ. ಅವನ್ನು ಓದಿ ಅಕ್ಷರಕ್ಕಿಳಿಸುವ ತಂತ್ರಾಂಶ ಹಾಕಿದರೆ ನನ್ನ ಲ್ಯಾಪ್‌ಟಾಪ್ ಕಾದು ನಿಂತುಬಿಡುತ್ತಿತ್ತು. ಬಂಗಾರಪೇಟೆಯ ಗೆಳತಿಯೊಬ್ಬಳು, ‘ಆಂಡರ್ಸನ್‌ಪೇಟೆಯಲ್ಲಿ ಒಬ್ರು ಅಣ್ಣ ಇದಾರೆ, ಕೆಲಸಕ್ಕೆ ತಕ್ಕಂಗೆ ಮಿಷಿನ್ ಕಟ್ಟಿಕೊಡ್ತಾರೆ’ ಎಂದಳು. ಆರ್ಕಿಟೆಕ್ಟ್‌ಗಳಿಗೆ, ವಿಡಿಯೊ ಎಡಿಟ್ ಮಾಡುವವರಿಗೆ, ಲ್ಯಾಬುಗಳಿಗೆ ಬೇಕಾದ ದೊಡ್ಡ ಸಾಮರ್ಥ್ಯದ ವರ್ಕ್‌ಸ್ಟೇಷನ್‌ಗಳು ಅವರ ಕಸುಬು. ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ಕನ್ನಡ, ಫೋನಿನಲ್ಲಿ ತೆಲುಗು ಅಥವಾ ಹಿಂದಿ. ಅವರ ತಂದೆ ಗಣಿಯಲ್ಲಿ, ಜನರನ್ನೂ ಅದಿರನ್ನೂ ಶಾಫ್ಟಿನಲ್ಲಿ ಇಳಿಸಿ ಏರಿಸುವ ವೈಂಡಿಂಗ್ ಎಂಜಿನ್ನಿನ ಬಳಿ ಕೆಲಸ ಮಾಡಿದವರು.

‘ಬಜೆಟ್ ಆಮೇಲೆ ಹೇಳಿ ಮೇಡಂ. ಅದ್ರಲ್ಲಿ ಏನ್ ಕೆಲಸ ಮಾಡ್ತೀರಿ, ಅದನ್ನ ಹೇಳಿ’ ಎಂದು ಅವರು ಮಾತು ಶುರು ಮಾಡಿದರು. ಈ ಕಸುಬಿನ ಮರ್ಮ ಆ ಪ್ರಶ್ನೆಯಲ್ಲೇ ಇದೆ. ಕಟ್ಟಡದ ಮೂರು ಆಯಾಮದ ಚಿತ್ರ ಮೂಡಿಸಲು ಬಲವಾದ ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತದೆ. ವಿಡಿಯೊ ಕೆಲಸಕ್ಕೆ ರ‍್ಯಾಮ್ ಹೆಚ್ಚಿರಬೇಕು, ಡಿಸ್ಕ್ ಚುರುಕಾಗಿರಬೇಕು. ಪುಟಗಳನ್ನು ಒಟ್ಟೊಟ್ಟಿಗೆ ಓದಿಸುವ ನನ್ನ ಕೆಲಸಕ್ಕೆ ಪ್ರೊಸೆಸರಿನಲ್ಲಿ ಹೆಚ್ಚು ಕೋರ್‌ಗಳಿದ್ದರೆ ಸಾಕು, ದುಬಾರಿ ಗ್ರಾಫಿಕ್ಸ್ ಕಾರ್ಡ್ ದಂಡ. ಎಲ್ಲ ದುಬಾರಿ ಭಾಗಗಳನ್ನು ತಂದು ಒಂದೇ ಪೆಟ್ಟಿಗೆಗೆ ತುಂಬಿದರೆ ಒಳ್ಳೆಯ ಯಂತ್ರವಾಗುವುದಿಲ್ಲ. ಒಂದು ಭಾಗ ಹಿಂದೆ ಬಿದ್ದರೆ ಉಳಿದವು ಅದಕ್ಕಾಗಿ ಕಾಯುತ್ತ ಕೂರುತ್ತವೆ.

ಇನ್ನೊಂದು ಪಾಠ ಶಾಖದ್ದು ಮತ್ತು ದೂಳಿನದು. ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದಿಂದ ಚಿನ್ನ ತೆಗೆದು, ಉಳಿದ ಪುಡಿಯನ್ನು ಗುಡ್ಡೆ ಹಾಕಿದ್ದರಿಂದ ಈ ಊರಿನ ಸೈನೈಡ್ ಗುಡ್ಡಗಳಾದವು. ಬೇಸಿಗೆಯ ಗಾಳಿಗೆ ಆ ಪುಡಿ ಮನೆಮನೆಗೂ ಬರುತ್ತದೆ, ಕಂಪ್ಯೂಟರಿನ ಫ್ಯಾನಿಗೂ ಹೋಗುತ್ತದೆ. ಅದಕ್ಕೇ ಅಣ್ಣ ಗಾಳಿಯನ್ನು ಒಳಗೆ ತಳ್ಳುವ ಫ್ಯಾನುಗಳಿಗೆ ಜಾಲರಿ ಕೂರಿಸುತ್ತಾರೆ. ಹೊರಹೋಗುವುದಕ್ಕಿಂತ ತುಸು ಹೆಚ್ಚು ಗಾಳಿ ಒಳಬರುವಂತೆ ನೋಡಿಕೊಳ್ಳುತ್ತಾರೆ. ಆಗ ಸಂದುಗೊಂದುಗಳಿಂದ ಗಾಳಿ ಹೊರಕ್ಕೇ ನುಗ್ಗುವುದರಿಂದ ದೂಳು ಒಳಸೇರುವುದಿಲ್ಲ. ‘ಗಣೀಲೂ ಇದೇ ಅಲ್ವಾ? ಒಂದು ಶಾಫ್ಟಲ್ಲಿ ಗಾಳಿ ಒಳಕ್ಕೆ, ಇನ್ನೊಂದ್ರಲ್ಲಿ ಹೊರಕ್ಕೆ. ಅಪ್ಪ ಹೇಳ್ತಿದ್ರು’ ಎಂದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿತ್ತು. ತಂಪು ಗಾಳಿಯನ್ನು ಕೆಳಗೆ ಮುಟ್ಟಿಸದೆ ಅಷ್ಟು ಆಳದಲ್ಲಿ ಮನುಷ್ಯ ಕೆಲಸ ಮಾಡುವಂತೆಯೇ ಇರಲಿಲ್ಲ.

ಈ ಮಾತು ನನ್ನನ್ನು ಮತ್ತೆ ಕಡತಗಳ ಕಡೆಗೆ ತಿರುಗಿಸಿತು. ಕೆ.ಜಿ.ಎಫ್.ನ ಚರಿತ್ರೆಯನ್ನು ನಾವು ಚಿನ್ನದ ಚರಿತ್ರೆಯಾಗಿ ಓದುತ್ತೇವೆ. ಅದನ್ನು ಜೋಡಣೆಯ ಚರಿತ್ರೆಯಾಗಿಯೂ ಓದಬಹುದು. 1880ರ ದಶಕದಿಂದ ಇಲ್ಲಿನ ಗಣಿಗಳನ್ನು ನಡೆಸಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಗೆ ಮೊದಲು ಹಬೆಯಂತ್ರಗಳೇ ಗತಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 92 ಮೈಲಿ ದೂರದ ತಂತಿಯಲ್ಲಿ ಹರಿದು ಗಣಿಗೆ ಬಂತು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಕಾವೇರಿಯ ನೀರು, ಸ್ವಿಟ್ಜರ್ಲೆಂಡಿನ ಟರ್ಬೈನು, ಅಮೆರಿಕದ ಜನರೇಟರು, ಮೈಸೂರು ಸರ್ಕಾರದ ಹಣ, ಲಂಡನ್ನಿನ ಕಂಪನಿಯ ಗಣಿ. ಇವಿಷ್ಟೂ ಒಂದೇ ಯಂತ್ರದಂತೆ ನಡೆಯಬೇಕಿತ್ತು. ದಿವಾನ್ ಶೇಷಾದ್ರಿ ಅಯ್ಯರ್, ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ ಅವರ ಹೆಸರು ಪುಸ್ತಕಗಳಲ್ಲಿದೆ. ಟರ್ಬೈನು, ಜನರೇಟರು ಮಾಡಿದ ಕಂಪನಿಗಳ ಹೆಸರೂ ಇದೆ. ಕಂಬ ನೆಟ್ಟವರು, ತಂತಿ ಎಳೆದವರು, ಮೋಟಾರು ಕೂರಿಸಿ ಕಿವಿಗೊಟ್ಟು ಸದ್ದು ಕೇಳಿ ಸರಿಪಡಿಸಿದವರು ಯಾರು? ನಾನು ನೋಡಿದ ಪುಟಗಳಲ್ಲಿ ಅವರು ತಲೆಯೆಣಿಕೆಯಾಗಿ, ದಿನಗೂಲಿಯ ಮೊತ್ತವಾಗಿ ಬರುತ್ತಾರೆ.

ಹಾಗೆಂದು ಕಂಪನಿಗೆ ಕೆಲಸಗಾರರನ್ನು ಗುರುತಿಸುವ ಆಸಕ್ತಿಯೇ ಇರಲಿಲ್ಲ ಎನ್ನಲಾಗದು. 1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ಪಡೆದು ನೋಂದಾಯಿಸುವ ಏರ್ಪಾಡು ಬಂತು. ಅದನ್ನು ವಿರೋಧಿಸಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. ಬೆರಳಿನ ಗುರುತು ಬೇಕಿತ್ತು, ಬೆರಳಿನ ಕೌಶಲ ದಾಖಲಾಗಬೇಕಿರಲಿಲ್ಲ. ಕಾವಲಿಗಾಗಿ ಬರೆದಿಟ್ಟ ಹೆಸರಿಗೂ ಕೆಲಸದ ಕೆಳಗೆ ತಾನೇ ಹಾಕಿದ ಸಹಿಗೂ ಇರುವ ಅಂತರ ನನ್ನ ಪ್ರಬಂಧದ ಮುಖ್ಯ ಪ್ರಶ್ನೆಯಾದದ್ದು ಹೀಗೆ.

ಕಂಪ್ಯೂಟರಿನ ಚರಿತ್ರೆಯಲ್ಲೂ ಜೋಡಣೆಗೆ ಕೀಳು ಸ್ಥಾನವೇ. ಬ್ರ್ಯಾಂಡಿನ ಹೆಸರಿಲ್ಲದ ಪೆಟ್ಟಿಗೆಯನ್ನು ‘ಅಸೆಂಬಲ್ಡ್’ ಎಂದು ಕರೆಯುವಾಗ ನಮ್ಮ ದನಿ ತಾನಾಗಿ ತಗ್ಗುತ್ತದೆ. ಆದರೆ 1986ರಲ್ಲಿ ಬೆಂಗಳೂರಿನ ಎನ್‌.ಎ.ಎಲ್. ಪ್ರಯೋಗಾಲಯದಲ್ಲಿ ಸಿದ್ಧವಾದ ‘ಫ್ಲೋಸಾಲ್ವರ್’ ಅನ್ನು ನೆನೆಯಿರಿ. ವಿಮಾನದ ರೆಕ್ಕೆಯ ಸುತ್ತ ಗಾಳಿ ಹೇಗೆ ಹರಿಯುತ್ತದೆಂದು ಲೆಕ್ಕ ಹಾಕಲು ದೊಡ್ಡ ಕಂಪ್ಯೂಟರ್ ಬೇಕಿತ್ತು. ಅಂಥವನ್ನು ಹೊರಗಿನಿಂದ ತರಿಸುವುದು ದುಬಾರಿ, ಜೊತೆಗೆ ಪರವಾನಗಿಯ ತೊಡಕು. ವಿಜ್ಞಾನಿಗಳು ಸಾಮಾನ್ಯವಾಗಿ ಸಿಗುತ್ತಿದ್ದ ಇಂಟೆಲ್ 8086 ಪ್ರೊಸೆಸರುಗಳನ್ನೇ ತಂದು, ಕೆಲಸವನ್ನು ಹಂಚಿಕೊಂಡು ಒಟ್ಟಿಗೆ ಮಾಡುವಂತೆ ಜೋಡಿಸಿದರು. ಭಾರತದ ಮೊದಲ ಸಮಾಂತರ ಕಂಪ್ಯೂಟರ್ ಎಂದು ಅದು ಹೆಸರಾಯಿತು. ಪುಣೆಯ ಸಿ-ಡ್ಯಾಕ್‌ನ ಪರಮ್ 8000 ಬಂದದ್ದು 1991ರಲ್ಲಿ. ಅಮೆರಿಕದ ನಾಸಾ ಕೇಂದ್ರವೊಂದರಲ್ಲಿ ಮಾರುಕಟ್ಟೆಯ ಮಾಮೂಲಿ ಪಿ.ಸಿ.ಗಳನ್ನು ಹೆಣೆದು ‘ಬಿಯೊವುಲ್ಫ್’ ಕಟ್ಟಿದ್ದು 1994ರಲ್ಲಿ. ಫ್ಲೋಸಾಲ್ವರಿನಲ್ಲಿ ಚಿಪ್ಪು ಎನ್‌.ಎ.ಎಲ್.ನದಲ್ಲ, ಆದರೆ ಯಂತ್ರ ಎನ್‌.ಎ.ಎಲ್.ನದು ಎಂದು ನಾವು ಒಪ್ಪುತ್ತೇವೆ. ಆಂಡರ್ಸನ್‌ಪೇಟೆಯ ಅಂಗಡಿಯದು ಅಷ್ಟು ದೊಡ್ಡ ಸಾಧನೆಯಲ್ಲ, ನಿಜ. ಆದರೂ ಬೇರೆಯವರ ಭಾಗಗಳನ್ನು ಕೂಡಿಸಿದವರು ಇಡೀ ಯಂತ್ರಕ್ಕೆ ಹೊಣೆಯಾಗುವುದು ಎರಡೂ ಕಡೆ ಒಂದೇ.

ಆ ಹೊಣೆ ವ್ಯಾಪಾರದಲ್ಲಿ ಎಷ್ಟು ಭಾರವೆಂದು ಅಂಗಡಿಯಲ್ಲಿ ಕೂತರೆ ತಿಳಿಯುತ್ತದೆ. ಅಣ್ಣ ಮಾರಿಕುಪ್ಪಂ ರೈಲು ಹಿಡಿದು, ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ, ಎಸ್‌.ಪಿ. ರಸ್ತೆಯ ಅಂಗಡಿಗಳಿಂದ ಭಾಗಗಳನ್ನು ಬೆನ್ನಚೀಲದಲ್ಲಿ ತರುತ್ತಾರೆ. ಬಿಡಿಭಾಗಗಳ ಮೇಲೆ ನೂರಕ್ಕೆ 18 ಜಿ.ಎಸ್‌.ಟಿ. ಇದೆ. ದುಡ್ಡು ಮೊದಲೇ ಕಟ್ಟಬೇಕು, ಗಿರಾಕಿ ಕೊಡುವುದು ಯಂತ್ರ ಓಡಿದ ಮೇಲೆ. ಪ್ರೊಸೆಸರಿಗೊಂದು ವಾರಂಟಿ, ಪವರ್ ಸಪ್ಲೈಗೊಂದು, ಡಿಸ್ಕಿಗೆ ಮತ್ತೊಂದು. ಯಾವುದು ಕೆಟ್ಟರೂ ಫೋನು ಬರುವುದು ಇವರಿಗೇ. ‘ಕಾರ್ಡ್ ಕೆಟ್ಟಿದೆಯೋ, ಕರೆಂಟು ಸರಿಯಿಲ್ವೋ, ಅರ್ತಿಂಗ್ ಕೊಟ್ಟಿಲ್ವೋ, ನಾನೇ ಹುಡುಕ್ಬೇಕು. ನಾನು ಮಾಡಿದ್ದಲ್ಲ ಅಂತ ಹೇಳಕ್ಕಾಗುತ್ತಾ?’ ಭಾಗಗಳ ಬೆಲೆಯನ್ನು ಗಿರಾಕಿ ಮೊಬೈಲಿನಲ್ಲೇ ನೋಡಿಕೊಂಡು ಬಂದಿರುತ್ತಾನೆ. ಜೋಡಿಸುವ ಕೂಲಿ ಎಂದು ಬೇರೆ ಬರೆದರೆ, ಅದನ್ನೇ ಮೊದಲು ಕಡಿಮೆ ಮಾಡಿ ಎನ್ನುತ್ತಾನೆ. ನಾನೂ ಹಾಗೆಯೇ ಕೇಳಿದೆ. ಶಿಷ್ಯವೇತನ ಬರುವುದು ತಡವಾಗಿತ್ತು ಎಂಬುದು ನನ್ನ ಸಮಜಾಯಿಷಿ. ಕೂಲಿಕಾರರ ಹೆಸರು ಅಳಿಸಿಹೋದದ್ದಕ್ಕೆ ಮರುಗುತ್ತಿದ್ದವಳು ಬಿಲ್ಲಿನಲ್ಲಿ ಮೊದಲು ಬೆರಳಿಟ್ಟದ್ದು ಕೂಲಿಯ ಸಾಲಿನ ಮೇಲೆಯೇ. ಅದು ಮನಸ್ಸಿಗೆ ತಟ್ಟಿದ್ದು ಮನೆಗೆ ಬಂದ ಮೇಲೆ. ಮಾರನೆಯ ಸಲ ಹೋದಾಗ ಪೂರ್ತಿ ಹಣ ಕೊಟ್ಟೆ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಂದಿನಿಂದ ಈ ಊರು ಹೆಚ್ಚಾಗಿ ಆ ರೈಲನ್ನೇ ನಂಬಿ ಬದುಕಿದೆ. ಸಾವಿರಾರು ಜನ ನಸುಕಿನಲ್ಲಿ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಅಂಗಡಿಗೆ ಅಲ್ಲಿಗಿಂತ ಬಾಡಿಗೆ ಇಲ್ಲಿ ಕಡಿಮೆ, ಆದರೆ ಕೆಲಸ ಕಲಿತ ಹುಡುಗರನ್ನು ಉಳಿಸಿಕೊಳ್ಳುವುದು ಕಷ್ಟ.

ನನ್ನ ಯಂತ್ರ ತಯಾರಾದ ದಿನ ಅಣ್ಣ ಲೆಡ್ಜರ್ ತೆರೆದು ನನ್ನ ಪುಟ ತೋರಿಸಿದರು. ನಾನು ಹಿಂದಿನ ಪುಟಗಳನ್ನೂ ತಿರುವಿದೆ. ಎರಡು ಸಹಿಗಳು ಸರದಿಯಂತೆ ಬರುತ್ತಿದ್ದವು, ಒಂದು ಅಣ್ಣನದು, ಇನ್ನೊಂದು ತಮಿಳು ಅಕ್ಷರದ್ದು. ಒಂದು ಪುಟದಿಂದಾಚೆಗೆ ಎರಡನೆಯದು ನಿಂತುಹೋಗಿತ್ತು. ‘ಹುಡುಗ ಬೆಂಗಳೂರಿಗೆ ಸೇರಿಕೊಂಡ. ಅವನು ಕಟ್ಟಿದ್ದು ಒಂದೂ ವಾಪಸ್ ಬಂದಿಲ್ಲ’ ಎಂದರು. ಗಿರಾಕಿಗಳ ಹೆಸರು ಮುಚ್ಚಿ ಪುಟಗಳ ಫೋಟೊ ತೆಗೆದುಕೊಳ್ಳಲೇ ಎಂದು ಕೇಳಿದೆ. ‘ಅಂಗಡಿ ಲೆಕ್ಕ ಯಾರಿಗೆ ಬೇಕು ಮೇಡಂ?’ ಎಂದು ನಕ್ಕರು. ಆಮೇಲೆ ಅವರೇ ಒಂದು ರಟ್ಟಿನ ಚೂರು ಹರಿದು, ಹೆಸರಿನ ಸಾಲಿನ ಮೇಲೆ ಅಡ್ಡ ಹಿಡಿದರು. ಕೆಳಗಿನ ಸಹಿ ಕಾಣುವಂತೆ ನಾನು ಒಂದೊಂದೇ ಪುಟದ ಫೋಟೊ ತೆಗೆಯುತ್ತ ಹೋದೆ.