ಬಾಗಿಲಲ್ಲೇ ನಿಂತು ಕೂಗುವ ಹಾರ್ಮೋನು

ಅಂಗೈ ಗೆರೆ ನೋಡುವವರು ಜ್ಯೋತಿಷಿಗಳು ಮಾತ್ರವಲ್ಲ. ಮಾಟುಂಗದಿಂದ ಲೋಕಲ್ ಹತ್ತಿ ದಾದರ್ ದಾಟಿದರೆ ಪರೇಲ್. ಅಲ್ಲಿನ ಕೆಇಎಂನಂಥ ದೊಡ್ಡಾಸ್ಪತ್ರೆಗಳ ಎಂಡೋಕ್ರೈನ್ ವಿಭಾಗಕ್ಕೆ ವಿಪರೀತ ಸುಸ್ತು, ತೂಕ ಇಳಿಯುತ್ತಿದೆ ಎಂದು ಹೋದರೆ ಡಾಕ್ಟರು ಅಂಗೈ ಗೆರೆ, ಒಸಡು ಕಪ್ಪಾಗಿವೆಯೇ ಎಂದೂ ನೋಡುತ್ತಾರೆ. ಕಪ್ಪಾಗಿದ್ದರೆ ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳ ಮೇಲೆ ಅನುಮಾನ. 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ಈ ರೋಗವನ್ನು ವರ್ಣಿಸಿದಾಗ ಅವನ ರೋಗಿಗಳಲ್ಲಿ ಹಲವರ ಗ್ರಂಥಿಗಳನ್ನು ಕ್ಷಯ ತಿಂದಿತ್ತು. ಶಿವಡಿಯ ಕ್ಷಯರೋಗ ಆಸ್ಪತ್ರೆಯ ನೆರೆಯಲ್ಲಿ ಬಾಳುವ ನಮಗೆ ಅದು ಹಳೇ ಕಥೆಯೇನಲ್ಲ.

ಗ್ರಂಥಿ ಸತ್ತರೆ ಚರ್ಮವೇಕೆ ಕಪ್ಪಾಗಬೇಕು? ಉತ್ತರಕ್ಕೆ ನೂರು ವರ್ಷ ಹಿಡಿಯಿತು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ತೆಗೆದ ಇಲಿಗಳಲ್ಲಿ ಅಡ್ರಿನಲ್ ಬಾಡಿಹೋಗುವುದನ್ನು 1930ರಲ್ಲಿ ಪಿ.ಇ. ಸ್ಮಿತ್ ತೋರಿಸಿದರು. ಅಪ್ಪಣೆ ತಲೆಯಿಂದ ಬರುತ್ತಿತ್ತು. 1943ರಲ್ಲಿ ಅಮೆರಿಕದ ಎರಡು ತಂಡಗಳು ಆ ಅಪ್ಪಣೆಯನ್ನೇ ಶುದ್ಧೀಕರಿಸಿದವು: ಎಸಿಟಿಎಚ್, 39 ಅಮೈನೋ ಆಮ್ಲಗಳ ಸರ. ಅಡ್ರಿನಲ್ ಓಗೊಡದಿದ್ದರೆ ಪಿಟ್ಯುಟರಿ ಇನ್ನಷ್ಟು ಜೋರಾಗಿ ಕೂಗುತ್ತದೆ. ಉಕ್ಕಿದ ಎಸಿಟಿಎಚ್ ಚರ್ಮದ ಬಣ್ಣದ ಕೋಶಗಳನ್ನೂ ತಟ್ಟುತ್ತದೆ. ಕಪ್ಪಾಗುವುದು ಅದಕ್ಕೇ.

ಇಂಥ ಅಮೈನೋ ಆಮ್ಲಗಳ ಸರ, ಅಂದರೆ ಪೆಪ್ಟೈಡು, ಜೀವಕೋಶದ ಜಿಡ್ಡಿನ ಪೊರೆ ದಾಟಲಾರದು. ಬೆಲ್ ಒತ್ತಿ ಹೋಗುವ ಹಾಲಿನವನ ಹಾಗೆ ಹೊಸಿಲಾಚೆಯೇ ಅದರ ಕೆಲಸ. ಒಳಗೆ ಸುದ್ದಿ ಮುಟ್ಟಿಸುವವರು ಯಾರು? ಎಸಿಟಿಎಚ್ ಸೋಕಿದ ಅಡ್ರಿನಲ್ ಹೋಳುಗಳಲ್ಲಿ ಸೈಕ್ಲಿಕ್ ಎಎಂಪಿ ಎಂಬ ದೂತ ಅಣು ಏರುವುದನ್ನು 1958ರಲ್ಲಿ ಹೇನ್ಸ್ ಕಂಡರು. ಬೆಲ್, ಅಂದರೆ ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್, ಮಾತ್ರ ಆಗಲೂ ಊಹೆಯೇ. 1970ರಲ್ಲಿ ರಾಬರ್ಟ್ ಲೆಫ್ಕೋವಿಟ್ಜ್ ಮತ್ತು ಸಂಗಡಿಗರು ವಿಕಿರಣಶೀಲ ಅಯೋಡಿನ್ ಅಂಟಿಸಿದ ಎಸಿಟಿಎಚ್‌ ಅನ್ನು ಅಡ್ರಿನಲ್ ಗಡ್ಡೆಯ ಸಾರಕ್ಕೆ ಬೆರೆಸಿ, ಎಷ್ಟು ಕಚ್ಚಿಕೊಂಡಿತೆಂದು ಅಳೆದರು. ಗುರುತಿಲ್ಲದ ಎಸಿಟಿಎಚ್ ಸುರಿದರೆ ಗುರುತಿನದು ಜಾಗ ಬಿಡುತ್ತಿತ್ತು. ನನ್ನ ಲೆಕ್ಕದಲ್ಲಿ ಈ ಕ್ಷೇತ್ರದ ಬಹುದೊಡ್ಡ ತಿರುವು ಇದೇ. ರಿಸೆಪ್ಟರ್ ಎಂಬ ಮಾತು ಎಣಿಸಬಹುದಾದ ವಸ್ತುವಾಯಿತು. ಪಠ್ಯಪುಸ್ತಕಗಳು 1950ರ ಕಾರ್ಟಿಸೋನ್ ನೊಬೆಲ್ ಹಾಡಿ ಹೊಗಳಿ ಇದನ್ನು ಹಾರಿಸಿಬಿಡುತ್ತವೆ. ಲೆಫ್ಕೋವಿಟ್ಜ್‌ಗೂ ನೊಬೆಲ್ ಬಂತೆನ್ನಿ, 2012ರಲ್ಲಿ, ಇದೇ ಕುಲದ ರಿಸೆಪ್ಟರುಗಳ ಅಧ್ಯಯನಕ್ಕೆ. ಆ ಕುಲದ್ದೇ ಇನ್ನೊಂದಾದ ಎಫ್‌ಎಸ್‌ಎಚ್ ರಿಸೆಪ್ಟರಿನ ಮೇಲೆ ಪರೇಲಿನ ರಾಷ್ಟ್ರೀಯ ಪ್ರಜನನ ಮತ್ತು ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆಯಲ್ಲೂ ಕೆಲಸ ನಡೆದಿದೆ.

1992ರಲ್ಲಿ ಎಸಿಟಿಎಚ್ ರಿಸೆಪ್ಟರಿನ ಜೀನ್ ಸಿಕ್ಕಿತು. ಆದರೆ ಬೇರೆ ಕೋಶಗಳಿಗೆ ಹಾಕಿದರೆ ಅದು ಮೂಕ. ಕಾರಣ 2005ರಲ್ಲಿ ತಿಳಿಯಿತು: ಎಂಆರ್‌ಎಪಿ ಎಂಬ ಪುಟ್ಟ ಪ್ರೋಟೀನು ಕೈಹಿಡಿದು ಕರೆತಂದರಷ್ಟೇ ಅದು ಹೊಸಿಲಿಗೆ ಬರುತ್ತದೆ.

ಈ ರಿಸೆಪ್ಟರ್ ಕೆಟ್ಟು ಹುಟ್ಟಿದ ಮಕ್ಕಳ ಮೈ ಕಪ್ಪಾಗುತ್ತದೆ, ರಕ್ತದ ಸಕ್ಕರೆ ಕುಸಿಯುತ್ತದೆ. ಮೈಯ ಉಪ್ಪು ಮಾತ್ರ ಸಾಮಾನ್ಯವಾಗಿ ಅಷ್ಟಾಗಿ ಸೋರುವುದಿಲ್ಲ. ಉಪ್ಪು ಹಿಡಿದಿಡುವ ಆಲ್ಡೋಸ್ಟೆರೋನ್ ಮುಖ್ಯವಾಗಿ ಇನ್ನೊಂದು ಪೆಪ್ಟೈಡಿನ ಮಾತು ಕೇಳುತ್ತದೆ: ಎಂಟೇ ಅಮೈನೋ ಆಮ್ಲಗಳ ಆಂಜಿಯೊಟೆನ್ಸಿನ್. ಅದರ ರಿಸೆಪ್ಟರ್ ಎಟಿ1, ಒಳಗಿನ ದೂತ ಕ್ಯಾಲ್ಸಿಯಂ.

ಅಡ್ರಿನಲ್ ಸೋತಿದೆಯೇ ಎಂಬ ಪತ್ತೆ ಇಂದಿಗೂ ಸರಳ: ಬೆಲ್ ಒತ್ತಿ ಕಾಯುವುದು. ಎಸಿಟಿಎಚ್‌ನ ಮೊದಲ 24 ಕೊಂಡಿಗಳ ಸಿನಾಕ್ಥೆನ್ ಚುಚ್ಚಿ, ಅಡ್ರಿನಲ್ ಸ್ರವಿಸುವ ಕಾರ್ಟಿಸೋಲ್ ಅಳೆಯುತ್ತಾರೆ. ಅದು ಸಿಗದ ಕಡೆ ನಮ್ಮ ಡಾಕ್ಟರುಗಳು ಆಕ್ಟನ್ ಪ್ರೊಲಾಂಗೇಟಂ ಎಂಬ ಎಸಿಟಿಎಚ್ ಚುಚ್ಚುಮದ್ದಿನಿಂದ ಕೆಲಸ ಸಾಗಿಸುತ್ತಾರೆ.

ಇನ್ನು ಎಟಿ1 ನೋಡಲು ಆಸ್ಪತ್ರೆಗೆ ಹೋಗಬೇಕಿಲ್ಲ. ಮಾಟುಂಗದ ಉಡುಪಿ ಊಟದ ಮನೆಯಲ್ಲಿ ಬಾಳೆಲೆಯ ತುದಿಗೆ ಉಪ್ಪು ಬಡಿಸುವಾಗ ಕೈ ಅಡ್ಡ ಹಿಡಿಯುತ್ತಾರಲ್ಲ, ಆ ಹಿರಿಯರ ಜೇಬಿನಲ್ಲಿ ರಕ್ತದೊತ್ತಡದ ಮಾತ್ರೆ ಟೆಲ್ಮಿಸಾರ್ಟನ್‌ನ ಪಟ್ಟಿ ಇದ್ದೀತು. ಆ ಮಾತ್ರೆ ಹೋಗಿ ಕೂರುವುದು ಅದೇ ಬೆಲ್ಲಿನ ಗುಂಡಿಯ ಮೇಲೆ.