ಇಸಿಲದಿಂದ ರಾಯದುರ್ಗಕ್ಕೆ: ಮೊಳಕಾಲ್ಮೂರು ಸೀಮೆಯಲ್ಲೊಂದು ಸುತ್ತು

ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ತುದಿಯಲ್ಲಿ ಮೊಳಕಾಲ್ಮೂರು ತಾಲ್ಲೂಕಿದೆ. ಉತ್ತರಕ್ಕೆ ಬಳ್ಳಾರಿ ಸೀಮೆ, ಪೂರ್ವಕ್ಕೆ ಆಂಧ್ರಪ್ರದೇಶ. ತಾಲ್ಲೂಕು ಕೇಂದ್ರದಿಂದ ಆಂಧ್ರದ ರಾಯದುರ್ಗ ಸುಮಾರು 15 ಕಿ.ಮೀ.; ತನ್ನದೇ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಅದರ ಐದಾರು ಪಟ್ಟು ದೂರ. ಹಾಗಾಗಿ ಇಲ್ಲಿಯವರಿಗೆ ಸಂತೆ, ಬೀಗತನ, ರೈಲು ಎಂದರೆ ರಾಯದುರ್ಗ; ಪಹಣಿ, ಪಿಂಚಣಿ, ಕೋರ್ಟು ಎಂದರೆ ಮೊಳಕಾಲ್ಮೂರು, ಚಿತ್ರದುರ್ಗ. ಸರ್ಕಾರಿ ಕಡತಗಳಲ್ಲಿ ಇದು ‘ಗಡಿ ತಾಲ್ಲೂಕು’, ‘ಹಿಂದುಳಿದ ತಾಲ್ಲೂಕು’. ಆದರೆ ಇಲ್ಲಿಯ ಬಂಡೆಗಳನ್ನು ಓದುತ್ತ ಹೋದರೆ, ಈ ಸೀಮೆ ತನ್ನನ್ನು ತಾನು ಎಂದೂ ಅಂಚು ಎಂದುಕೊಂಡಿರಲಿಲ್ಲ ಎಂಬುದು ತಿಳಿಯುತ್ತದೆ. ಬೆಂಗಳೂರಿನಿಂದಲೋ ಅಮರಾವತಿಯಿಂದಲೋ ನೋಡಿದವರಿಗೆ ಮಾತ್ರ ಇದು ಕೊನೆ.

ಮೊದಲು ನೋಡಬೇಕಾದದ್ದು ಬ್ರಹ್ಮಗಿರಿ. ಅಶೋಕ ಸಿದ್ದಾಪುರ, ರೊಪ್ಪ ಎಂಬ ಊರುಗಳ ಹತ್ತಿರ, ಚಿನ್ನಹಗರಿ ಹೊಳೆಯ ಬಯಲಿನ ಪಕ್ಕಕ್ಕೆ ಎದ್ದು ನಿಂತ ಕಲ್ಲುಗುಡ್ಡ ಇದು. ಗುಡ್ಡದ ಬುಡದಲ್ಲಿರುವ ಒಂದು ಹೆಬ್ಬಂಡೆಯನ್ನು ಊರವರು ಅಕ್ಷರಗುಂಡು ಎನ್ನುತ್ತಾರೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದರ ಮೇಲಿನ ಗೀಚುಗಳನ್ನು ಗುರುತಿಸಿದಾಗ ಮೈಸೂರು ಸಂಸ್ಥಾನದ ಚರಿತ್ರೆ ಒಮ್ಮೆಲೇ ಕ್ರಿಸ್ತಪೂರ್ವ ಮೂರನೆಯ ಶತಮಾನಕ್ಕೆ ಹಿಂದೆ ಸರಿಯಿತು. ಅದು ಮೌರ್ಯ ಚಕ್ರವರ್ತಿ ಅಶೋಕನ ಶಾಸನ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ, ಹದಿಮೂರು ಸಾಲು. ಅದೇ ವರ್ಷ ಆಸುಪಾಸಿನಲ್ಲೇ ಅದೇ ಆಜ್ಞೆಯ ಇನ್ನೆರಡು ಪ್ರತಿಗಳು ಸಿಕ್ಕವು. ಒಂದು, ಪಶ್ಚಿಮಕ್ಕೆ ಸುಮಾರು ಒಂದೂವರೆ ಕಿ.ಮೀ. ದೂರದ ಸಿದ್ದಾಪುರದ ಬಂಡೆಯ ಮೇಲೆ. ಇನ್ನೊಂದು, ಐದಾರು ಕಿ.ಮೀ. ಆಚೆಯ ಜಟಿಂಗ ರಾಮೇಶ್ವರ ಬೆಟ್ಟದಲ್ಲಿ. ಒಂದೇ ಆಜ್ಞೆಯನ್ನು ಇಷ್ಟು ಹತ್ತಿರ ಹತ್ತಿರ ಮೂರು ಕಡೆ ಕೆತ್ತಿಸಿದ್ದಾರೆಂದರೆ ಓದಿ ಹೇಳುವವರೂ ನಿಂತು ಕೇಳುವವರೂ ಇಲ್ಲಿ ಸಾಕಷ್ಟು ಇದ್ದರೆಂದೇ ಅರ್ಥ.

ಬೇರೆ ಕಡೆಯ ಅಶೋಕ ಶಾಸನಗಳಲ್ಲಿ ಸಿಗದ ಒಂದು ಸಂಗತಿ ಇಲ್ಲಿಯ ಪ್ರತಿಗಳ ಆರಂಭದಲ್ಲಿದೆ. ರಾಜನ ಮಾತಿಗೆ ಮುಂಚೆ ಕಚೇರಿಯ ಒಕ್ಕಣೆ ಬರುತ್ತದೆ. ಸುವರ್ಣಗಿರಿಯಲ್ಲಿರುವ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ಆಮೇಲೆ ದೇವಾನಾಂಪ್ರಿಯನ, ಅಂದರೆ ಅಶೋಕನ, ಆಜ್ಞೆ ತಿಳಿಸುತ್ತಾರೆ. ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಬಂದ ಪತ್ರವನ್ನು ಮೇಲೊಕ್ಕಣೆ ಸಮೇತ ಕಲ್ಲಿಗಿಳಿಸಿದ್ದಾರೆ. ಇಸಿಲ ಎಂದರೆ ಇದೇ ಬ್ರಹ್ಮಗಿರಿ, ಸಿದ್ದಾಪುರದ ಪರಿಸರ. ಸುವರ್ಣಗಿರಿ ಯಾವುದು ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಕೊಪ್ಪಳ ಜಿಲ್ಲೆಯ ಕನಕಗಿರಿ ಎಂದು ಕೆಲವರು, ಆಂಧ್ರದ ಜೊನ್ನಗಿರಿ ಎಂದು ಕೆಲವರು. ಇಂದಿನ ರಾಜ್ಯದ ಗೆರೆ ಆ ವಾದದ ನಡುವೆಯೂ ಹಾದುಹೋಗುತ್ತದೆ.

ಆಜ್ಞೆಯ ತಿರುಳು ಸರಳ. ತಾನು ಎರಡೂವರೆ ವರ್ಷಕ್ಕೂ ಮೇಲ್ಪಟ್ಟು ಬೌದ್ಧ ಉಪಾಸಕನಾಗಿದ್ದೇನೆ, ಮೊದಲ ಒಂದು ವರ್ಷ ಅಷ್ಟೇನೂ ಶ್ರಮ ಪಡಲಿಲ್ಲ ಎಂದು ಚಕ್ರವರ್ತಿಯೇ ಒಪ್ಪಿಕೊಳ್ಳುತ್ತಾನೆ. ಶ್ರಮಿಸಿದರೆ ದೊಡ್ಡವರಂತೆ ಸಣ್ಣವರಿಗೂ ಫಲವುಂಟು ಎನ್ನುತ್ತಾನೆ. ತಂದೆತಾಯಿಗೆ ವಿಧೇಯತೆ, ಪ್ರಾಣಿಗಳಲ್ಲಿ ದಯೆ, ಸತ್ಯ, ಗುರುವಿಗೆ ಗೌರವ, ನೆಂಟರಲ್ಲಿ ತಕ್ಕ ನಡತೆ ಎಂಬ ಮಾತುಗಳು ನಂತರ ಬರುತ್ತವೆ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ಲಿಪಿಕಾರ ಎಂಬ ತನ್ನ ಕಸುಬಿನ ಪದವನ್ನು ಮಾತ್ರ ಅವನು ಬಲದಿಂದ ಎಡಕ್ಕೆ, ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿ, ಗಾಂಧಾರದ ಕಡೆ. ಅವನು ಆ ಕಡೆಯವನೇ ಇರಬೇಕು, ಇಲ್ಲವೇ ಅಲ್ಲಿ ಕೆಲಸ ಮಾಡಿ ಬಂದವನಿರಬೇಕು. ವಾಯವ್ಯದ ಗಡಿಯ ಅಕ್ಷರ ಬಲ್ಲ ನೌಕರನೊಬ್ಬ ದಕ್ಷಿಣದ ಗಡಿಯಲ್ಲಿ ಕೂತು ರುಜು ಹಾಕಿದ ಹಾಗೆ ಆ ಒಂದು ಪದ ಅಲ್ಲಿ ಉಳಿದಿದೆ. ಬ್ರಹ್ಮಗಿರಿಗೆ ಹೋದವರು ಶಾಸನವನ್ನು ಓದಲಾಗದಿದ್ದರೂ ಆ ಕೊನೆಯ ಸಾಲನ್ನು ಕೇಳಿ ತಿಳಿದು ನೋಡಬೇಕು.

ಚಪಡ ಬರುವ ಹೊತ್ತಿಗೇ ಇಸಿಲ ಹಳೆಯ ಊರಾಗಿತ್ತು. ಗುಡ್ಡದ ಇಳಿಜಾರಿನಲ್ಲೂ ಕೆಳಗಿನ ಬಯಲಲ್ಲೂ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಮೊದಲು ಅಗೆಸಿದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯನ್ನೂ ಚಿತ್ರದುರ್ಗದ ಚಂದ್ರವಳ್ಳಿಯನ್ನೂ ಪದರ ಪದರವಾಗಿ ಬಿಡಿಸಿದರು. ತೀರ ಕೆಳಗೆ ನುಣುಪು ಮಾಡಿದ ಕಲ್ಲುಕೊಡಲಿಗಳ ಜನ. ಅವರ ಮೇಲಿನ ಪದರದಲ್ಲಿ ಕಬ್ಬಿಣ ಬಲ್ಲ, ಕಪ್ಪು ಕೆಂಪು ಮಡಕೆಗಳ ಬೃಹತ್ ಶಿಲಾ ಸಂಸ್ಕೃತಿಯವರು. ಅದರ ಮೇಲೆ ಸಾತವಾಹನರ ಕಾಲದ ನೆಲೆ. ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ರೋಮನ್ ವ್ಯಾಪಾರದ ಸಾಮಾನುಗಳೊಂದಿಗೆ ಸಿಕ್ಕ ಬಗೆಯ ಮಡಕೆ ಇಲ್ಲಿಯೂ ಸಿಕ್ಕಿದ್ದರಿಂದ ಕಾಲ ನಿರ್ಣಯಕ್ಕೆ ದಾರಿಯಾಯಿತು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಮೊದಲ ಗಟ್ಟಿ ಅನುಕ್ರಮ ಸಿಕ್ಕಿದ್ದು ಈ ಗುಂಡಿಗಳಲ್ಲಿ. ಇಂದಿಗೂ ಬಯಲಲ್ಲಿ ನಡೆದರೆ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಕೋಣೆಯಂತೆ ಕಟ್ಟಿದ ಗೋರಿಗಳು ಕಾಣುತ್ತವೆ. ಅವುಗಳ ಒಂದು ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದಿರುತ್ತಾರೆ. ಗುರುತು ಹತ್ತದವರು ದಾಟಿಕೊಂಡೇ ಹೋಗುತ್ತಾರೆ. ಶೇಂಗಾ ಹೊಲದ ಬದುವಿನ ಕಲ್ಲು ಯಾವುದು, ಗೋರಿಯ ಕಲ್ಲು ಯಾವುದು ಎಂದು ತೋರಿಸಲು ಊರವರೊಬ್ಬರು ಜೊತೆಗಿರುವುದು ಒಳ್ಳೆಯದು.

ಜಟಿಂಗ ರಾಮೇಶ್ವರದ ಬೆಟ್ಟ ಬ್ರಹ್ಮಗಿರಿಗಿಂತ ಎತ್ತರ. ಸೀತೆಯನ್ನು ಹೊತ್ತೊಯ್ಯುತ್ತಿದ್ದ ರಾವಣನೊಡನೆ ಕಾದಿ ಜಟಾಯು ಬಿದ್ದದ್ದು ಇಲ್ಲೇ, ಲಿಂಗವನ್ನು ರಾಮನೇ ಸ್ಥಾಪಿಸಿದ ಎಂಬುದು ಸ್ಥಳಪುರಾಣ. ಜಟಾಯುವಿಗೂ ಇಲ್ಲಿ ಗುಡಿಯಿದೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳು ಈ ಕ್ಷೇತ್ರದ ಹೆಸರು ಹನ್ನೊಂದನೆಯ ಶತಮಾನದಲ್ಲೇ ಪ್ರಸಿದ್ಧವಾಗಿತ್ತೆಂದು ಹೇಳುತ್ತವೆ. ಇಲ್ಲಿಯ ಅಶೋಕ ಶಾಸನ ಮೂರರಲ್ಲಿ ಹೆಚ್ಚು ಸವೆದದ್ದು. ಕಾರಣ ಮಳೆ ಗಾಳಿಯಷ್ಟೇ ಅಲ್ಲ. ಅಕ್ಷರಗಳಿರುವ ಆ ಹಾಸುಗಲ್ಲಿಗೆ ಬಳೆಗಾರ ಗುಂಡು ಎಂದು ಹೆಸರು. ಜಾತ್ರೆಯಲ್ಲಿ ಬಳೆಗಾರರು ಕೂರುತ್ತಿದ್ದ ಜಾಗ ಅದು. ನೆರಳಿಗೆ ಕಂಬ ನಿಲ್ಲಿಸಲು ತೋಡಿದ ಕುಳಿಗಳೂ ಅಲ್ಲಿವೆ. ಚಕ್ರವರ್ತಿಯ ಆಜ್ಞೆಯ ಮೇಲೆ ಎಷ್ಟೋ ಕಾಲ ಬಳೆ ವ್ಯಾಪಾರ ನಡೆಯಿತು. ಪುರಾತತ್ವದವರಿಗೆ ಇದು ನಷ್ಟ ನಿಜ. ಆದರೆ ಎರಡು ಸಾವಿರ ವರ್ಷಗಳ ಬಳಿಕವೂ ಆ ಬಂಡೆಯ ಬಳಿ ಜನ ಸೇರುತ್ತಿದ್ದರು ಎಂಬ ಪುರಾವೆಯೂ ಅದೇ.

ಮೊಳಕಾಲ್ಮೂರು ಪಟ್ಟಣಕ್ಕೂ ಒಂದು ಕೋಟೆಬೆಟ್ಟವಿದೆ. ಅದರ ಚರಿತ್ರೆಯಲ್ಲಿ ಒಂದು ಎತ್ತು ಬರುತ್ತದೆ. ಈ ಜಾಗ ರಾಯದುರ್ಗದ ಪಾಳೆಯಗಾರರ ಕೈಯಲ್ಲಿತ್ತಂತೆ. ಹಟ್ಟಿಯ ಮಲ್ಲಪ್ಪನಾಯಕ ತನ್ನಲ್ಲಿದ್ದ ಅಪರೂಪದ ಬಿಳಿ ಎತ್ತನ್ನು ಅವರಿಗೆ ಕೊಟ್ಟು ಇದನ್ನು ಪಡೆದನಂತೆ. ಕಥೆ ಕೇಳಿ ನಗುವವರು ಈ ಸೀಮೆಯ ಮ್ಯಾಸನಾಯಕ ಸಮುದಾಯದ ಹಟ್ಟಿಗಳಿಗೆ ಹೋಗಿ ನೋಡಬೇಕು. ಅಲ್ಲಿ ಇಂದಿಗೂ ದೇವರ ಎತ್ತುಗಳ ಹಿಂಡುಗಳಿವೆ. ಅವುಗಳಿಗೆ ನೊಗ ಹೂಡುವುದಿಲ್ಲ, ಮಾರುವುದಿಲ್ಲ. ಕಾಯಲು ಕಿಲಾರಿಗಳಿದ್ದಾರೆ, ಸತ್ತರೆ ಮಣ್ಣು ಮಾಡುತ್ತಾರೆ. ಮಳೆ ಕೈಕೊಟ್ಟ ವರ್ಷ ತಮ್ಮ ಹೊಟ್ಟೆಗಿಂತ ಮೊದಲು ಅವುಗಳ ಮೇವಿಗೆ ಓಡಾಡುವ ಜನ ಇದ್ದಾರೆ. ಅಂಥ ಕಡೆ ಒಂದು ಎತ್ತಿಗೆ ಒಂದು ಬೆಟ್ಟ ದುಬಾರಿಯೇನಲ್ಲ. ಮುಂದೆ ಈ ಕೋಟೆ ಚಿತ್ರದುರ್ಗದ ನಾಯಕರ ವಶಕ್ಕೆ ಹೋಯಿತು. 1779ರಲ್ಲಿ ಹೈದರಾಲಿ ಚಿತ್ರದುರ್ಗವನ್ನು ಗೆದ್ದಾಗ ಮೈಸೂರಿಗೆ ಸೇರಿತು.

ಪಟ್ಟಣದ ಕೇರಿಗಳಲ್ಲಿ ಮಗ್ಗದ ಸದ್ದು ಇನ್ನೂ ನಿಂತಿಲ್ಲ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯಿದೆ. ಒಡಲಿನದು ಒಂದು ಬಣ್ಣ, ಅಂಚಿನದು ಇನ್ನೊಂದು. ಎರಡನ್ನೂ ಬೇರೆ ಬೇರೆ ಲಾಳಿಗಳಿಂದ ನೇಯ್ದು ಸೇರುವ ಕಡೆ ಎಳೆಗೆ ಎಳೆ ಕೊಕ್ಕೆ ಹಾಕಿಸುವ ಅಂಚಿನ ಕೆಲಸದಿಂದ ಇದಕ್ಕೆ ಹೆಸರು. ಹೂವು, ಹಣ್ಣು, ಪ್ರಾಣಿಗಳ ಬುಟ್ಟಾ ಇನ್ನೊಂದು ಗುರುತು. ಈ ಅಂಚಿಗೆ ಒಬ್ಬರ ಕೈ ಸಾಲದು, ಮಗ್ಗದ ಪಕ್ಕದಲ್ಲಿ ಲಾಳಿ ಕೊಡುವವರೊಬ್ಬರು ಬೇಕು. ಅದಕ್ಕೇ ಕೂಲಿ ಏರಿದಂತೆ, ವಿದ್ಯುತ್ ಮಗ್ಗದ ಸೀರೆ ಅಗ್ಗಕ್ಕೆ ಸಿಕ್ಕಂತೆ ಇದಕ್ಕೆ ಪೆಟ್ಟು ಬೀಳುತ್ತಲೇ ಇದೆ.

ಇನ್ನು ರಾಯದುರ್ಗ. ಗಡಿಯ ಕಮಾನು ದಾಟಿದರೂ ಬಂಡೆ, ಬಿಸಿಲು, ಶೇಂಗಾ ಹೊಲ ಯಾವುದೂ ಬದಲಾಗುವುದಿಲ್ಲ. ಬಸ್ಸಿನ ಬೋರ್ಡಿನ ಲಿಪಿ ಬದಲಾಗುತ್ತದೆ. ಅಂಗಡಿಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿದರೆ ಕನ್ನಡದಲ್ಲೇ ಉತ್ತರ, ಚಿಲ್ಲರೆ ಎಣಿಸುವುದು ತೆಲುಗಿನಲ್ಲಿ. ಗಡಿಯ ಈಚೆ ತೆಲುಗಿನ ಮನೆಮಾತಿನವರು, ಆಚೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು. ರಾಯದುರ್ಗದ ಬೆಟ್ಟದಲ್ಲಿದ್ದ ಬೇಡರನ್ನು ಹೊರಹಾಕಲು ವಿಜಯನಗರದ ಅರಸರು ಭೂಪತಿರಾಯನೆಂಬ ಅಧಿಕಾರಿಯನ್ನು ಕಳಿಸಿದರು, ಬೆಟ್ಟಕ್ಕೆ ಅವನದೇ ಹೆಸರು ಬಂತು ಎಂದು ಹೇಳುತ್ತಾರೆ. ಸುತ್ತು ಸುತ್ತಾಗಿ ಏರುವ ಕೋಟೆಗೋಡೆ, ನಡುನಡುವೆ ದೇವಾಲಯಗಳು, ರಸಸಿದ್ಧನ ಹೆಸರಿನ ಗುಹೆಗಳ ಬಳಿ ಜೈನ ಉಬ್ಬುಶಿಲ್ಪಗಳು, ಎಲ್ಲ ನೋಡಲು ಅರ್ಧ ದಿನವಾದರೂ ಬೇಕು. 1786ರಲ್ಲಿ ಆದೋನಿಯ ಮುತ್ತಿಗೆಗೆ ನೆರವು ಕೊಡಲಿಲ್ಲವೆಂದು ಟಿಪ್ಪು ಇಲ್ಲಿಯ ಪಾಳೆಯಗಾರನನ್ನು ಸೆರೆಹಿಡಿದ.

ಟಿಪ್ಪುವಿನ ನಂತರ ಈ ನೆಲದ ಗೆರೆಗಳು ಬೇಗ ಬೇಗ ಬದಲಾದವು. 1800ರಲ್ಲಿ ನಿಜಾಮ ಬಳ್ಳಾರಿ, ರಾಯದುರ್ಗದ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಮೊಳಕಾಲ್ಮೂರು ಮೈಸೂರು ಸಂಸ್ಥಾನದಲ್ಲೇ ಉಳಿಯಿತು. ಒಂದೂವರೆ ಶತಮಾನ ಉತ್ತರ ಪೂರ್ವಗಳೆರಡೂ ಮದರಾಸು ಪ್ರಾಂತ್ಯ, ನಡುವೆ ಚಾಚಿಕೊಂಡ ತಾಲ್ಲೂಕು ಮಾತ್ರ ಮೈಸೂರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು, ಬಳ್ಳಾರಿ ಮತ್ತು ಉಳಿದ ತಾಲ್ಲೂಕುಗಳು ಇತ್ತ ಬಂದವು. ಅಲ್ಲಿಗೂ ಮುಗಿಯಲಿಲ್ಲ. ಉತ್ತರದ ಓಬಳಾಪುರದ ಅದಿರು ಬೆಟ್ಟಗಳಲ್ಲಿ ಗಣಿಗಾರಿಕೆಯ ಅಬ್ಬರದಲ್ಲಿ ಗಡಿಕಲ್ಲುಗಳೇ ಜಾಗ ಬದಲಿಸಿದವೆಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಗಿ, ಸರ್ವೇ ಆಫ್ ಇಂಡಿಯಾ ಗೆರೆಯನ್ನು ಹೊಸದಾಗಿ ಅಳೆಯಬೇಕಾಯಿತು. ವೇದಾವತಿ ನದಿಗೆ ಮಾತ್ರ ಈ ಗೆರೆಗಳ ಗೊಡವೆಯಿಲ್ಲ. ಅದು ಹಿರಿಯೂರಿನ ವಾಣಿವಿಲಾಸ ಸಾಗರ ದಾಟಿ ಆಂಧ್ರಕ್ಕೆ ಹೋಗುತ್ತದೆ, ಭೈರವಾನಿತಿಪ್ಪದ ಅಣೆಕಟ್ಟೆಯಲ್ಲಿ ನಿಂತು, ನೀರುಳಿದರೆ ಮತ್ತೆ ಬಳ್ಳಾರಿ ಜಿಲ್ಲೆಗೆ ಬಂದು ತುಂಗಭದ್ರೆಯನ್ನು ಸೇರುತ್ತದೆ.

ಹೋಗುವವರಿಗೆ ಕೆಲವು ಮಾತು. ಕಾರ್ತಿಕದಿಂದ ಶಿವರಾತ್ರಿಯೊಳಗೆ ಹೋಗಿ. ಆಮೇಲೆ ಬಂಡೆ ಕಾದು ಬೆಟ್ಟ ಹತ್ತುವುದು ಕಷ್ಟ. ನೀರು, ಬುತ್ತಿ ಜೊತೆಗಿರಲಿ. ಈ ಗುಡ್ಡಗಳಲ್ಲಿ ಕರಡಿಗಳಿವೆ, ಬೆಳಕಿರುವಾಗಲೇ ಇಳಿಯಿರಿ. ಶಾಸನದ ಕಲ್ಲಿಗೆ ಸುಣ್ಣ, ಅರಿಶಿನ, ನೀರು ಏನನ್ನೂ ಹಚ್ಚಬೇಡಿ. ಸೀರೆ ಕೊಳ್ಳುವುದಾದರೆ ಮಗ್ಗದ ಮನೆಯಲ್ಲೇ ಕೊಳ್ಳಿ, ಕಾಸು ನೇಯ್ದವರ ಕೈ ಸೇರಲಿ. ಎಲ್ಲಕ್ಕಿಂತ ಮುಖ್ಯ, ಬ್ರಹ್ಮಗಿರಿ ನೋಡಿ ಹಿಂತಿರುಗಬೇಡಿ, ರಾಯದುರ್ಗಕ್ಕೂ ಹೋಗಿ. ಒಂದರ ಚರಿತ್ರೆಯ ಅರ್ಧ ಇನ್ನೊಂದರಲ್ಲಿದೆ. ಎರಡೂ ರಾಜ್ಯಗಳ ಪ್ರವಾಸೋದ್ಯಮದವರು ಇವಿಷ್ಟನ್ನೂ ಒಂದೇ ನಕ್ಷೆಯಲ್ಲಿ ಅಚ್ಚು ಹಾಕಿಸಿದರೆ ಖರ್ಚೇನೂ ಹೆಚ್ಚಲ್ಲ. ಅಲ್ಲಿಯವರೆಗೆ ಮೊಳಕಾಲ್ಮೂರಿನ ಬಸ್ ನಿಲ್ದಾಣದಲ್ಲಿ ಕೇಳಿ. ದಾರಿ ಹೇಳುವವರು ಸಿಗುತ್ತಾರೆ, ಕನ್ನಡದಲ್ಲೂ ತೆಲುಗಿನಲ್ಲೂ.